ಅನುಸೂಯಮ್ಮನ ಬೆರಳುಗಳು

ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹಿಂದಿದ್ದ ಸಣ್ಣ ನರ್ಸಿಂಗ್ ಹೋಮಿಗೆ ಹಗಲು ಪಾಳಿಯವರಲ್ಲಿ ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ನರ್ಸ್ ಅನುಸೂಯ. ಬಂದವಳೇ ಸ್ಟೌ ಹಚ್ಚಿ ನೀರು ಕಾಯಿಸುವಳು. ಸಿರಿಂಜು ಕುದಿಸಲಿಕ್ಕೆಂದು ಎಲ್ಲರೂ ತಿಳಿದಿದ್ದರು. ಆದರೆ ಅದಕ್ಕೂ ಮೊದಲು ಅವಳು ಬಾಗಿಲು ಮುಂದೆ ಮಾಡಿ, ಒಂದಿಷ್ಟು ಬಿಸಿನೀರು ಬೇಸಿನ್ನಿಗೆ ಸುರಿದು, ಎರಡೂ ಕೈ ಅದ್ದಿ ನಿಲ್ಲುವಳು. ರಾತ್ರಿಯೆಲ್ಲ ಮರಗಟ್ಟಿದ್ದ ಬೆರಳುಗಳು, ಚಳಿಗೆ ಮುದುಡಿದ ಕುರಿಮರಿಗಳು ಎದ್ದು ನಿಲ್ಲುವಂತೆ, ಒಂದೊಂದಾಗಿ ಸಡಿಲಗೊಳ್ಳುತ್ತಿದ್ದವು.

ಸಂಧಿವಾತ ಬಂದು ಎರಡು ವರ್ಷವಾಗಿತ್ತು. ವಾಸಿಯಾಗುವ ಕಾಯಿಲೆಯಲ್ಲ, ಬದುಕಿರುವವರೆಗೂ ಮಾತ್ರೆ ಬೇಕು ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. ಊರಿಗೆ ಮೋಟಾರ್ ಬೈಕುಗಳು ಬಂದಂತೆ ಗಂಡ ಮಾರುತೇಶನ ಸೈಕಲ್ ಶಾಪು ಸೊರಗುತ್ತಿತ್ತು. ಓಲೆ ಮಾರಿ ಅವಳ ಕಿವಿಯಲ್ಲಿ ಕಡ್ಡಿ ಉಳಿದಿತ್ತು. ಕೆಲಸ ಹೋದರೆ ಮಾತ್ರೆ ನಿಲ್ಲುತ್ತದೆ, ಮಾತ್ರೆ ನಿಂತರೆ ಕೈ ನಿಲ್ಲುತ್ತದೆ. ಹಾಗಾಗಿ ಆಸ್ಪತ್ರೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅವಳನ್ನು ಹೆಚ್ಚು ಕಾಡುತ್ತಿದ್ದುದು ಅವಳ ಕೈಗುಣದ ಹೆಸರು. ಸುತ್ತಲಿನ ಹಳ್ಳಿಯವರಿಗೆ ಔಷಧಿಗಿಂತ ಅದನ್ನು ಕೊಡುವ ಕೈ ಮುಖ್ಯ. ರಾಮಗಿರಿ, ಹೊರಕೆರೆದೇವಪುರದ ಕಡೆಯಿಂದ ಬಂದವರು ಬೇರೆ ನರ್ಸುಗಳು ಸುಮ್ಮನೆ ನಿಂತಿದ್ದರೂ ಅವಳಿಗಾಗಿಯೇ ಕಾದು ಕೂರುತ್ತಿದ್ದರು.

೧೯೯೮ರ ಚಳಿಗಾಲದ ಒಂದು ಬೆಳಿಗ್ಗೆ, ರಾತ್ರಿ ಪಾಳಿಯ ನರ್ಸ್ ಉಷಾರಾಣಿ ಬಾಗಿಲಲ್ಲೇ ಎದುರಾದಳು.

"ಅಕ್ಕ, ಬೇಗ ಬರ್ರಿ. ಮಗೀಗೆ ವಾಂತಿ ಭೇದಿ. ಡ್ರಿಪ್ ಹಾಕು ಅಂತ ಡಾಕ್ಟರು ಫೋನಲ್ಲೇ ಹೇಳ್ಯಾರೆ. ಈ ಅಜ್ಜಿ ನನ್ನ ಮುಟ್ಟಾಕೇ ಬಿಡ್ತಿಲ್ಲ."

ಕುರಿಗಾರರ ಬರಗೇರಮ್ಮ ಮೊಮ್ಮಗಳನ್ನು ಕಂಬಳಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. "ನಿನ್ನೆ ಮೊನ್ನೆ ಬಂದೋಳ ಕೈಗೆ ನಮ್ಮ ಮಗೀನ ಕೊಡಾದಾ? ನೀನೇ ಹಾಕವ್ವ. ಇವ್ಳಣ್ಣ ದುರುಗೇಶಂಗೆ ನೀನೇ ಹಾಕಿದ್ದು, ಈಗ ಕೋಣ ಬೆಳ್ದಂಗೆ ಬೆಳ್ದಾನೆ!"

ಬಿಸಿನೀರಿಗೆ ಹೊತ್ತಿರಲಿಲ್ಲ. ಮಗುವಿನ ಕಣ್ಣು ಗುಳಿ ಬಿದ್ದಿತ್ತು. ಅನುಸೂಯ ಸೂಜಿ ಹಿಡಿದಳು. ಹೆಬ್ಬೆರಳು ಮಡಚಲಿಲ್ಲ. ಸೂಜಿ ನರದ ಪಕ್ಕಕ್ಕೆ ಹೋಯಿತು. ಮಗು ಅಳಲಿಲ್ಲ. ಅಳುವ ಶಕ್ತಿಯೂ ಅದಕ್ಕೆ ಉಳಿದಿರಲಿಲ್ಲ. ಹೊರಗೆ ಡಾಕ್ಟರ ಸ್ಕೂಟರ್ ನಿಂತ ಸದ್ದು ಕೇಳಿತು. ಇನ್ನೊಮ್ಮೆ ಪ್ರಯತ್ನಿಸಬಹುದಿತ್ತು. ತಪ್ಪಿದರೆ ಕಾಣುತ್ತಿದ್ದ ಇನ್ನೊಂದು ನರವೂ ಹೋಗುತ್ತಿತ್ತು.

"ನನ್ನ ಬೆರಳು ಮಡಚ್ತಿಲ್ಲ ಕಣೆ ಉಷಾ," ಎಂದಳು, ಬಾಗಿಲವರೆಗೂ ಕೇಳುವಂತೆ. "ನೀನ್ ಹಾಕು."

"ಬ್ಯಾಡ ಬ್ಯಾಡ!" ಅಜ್ಜಿ ಕಂಬಳಿ ಎಳೆದುಕೊಂಡಳು.

"ಸುಮ್ಕಿರು ಅಜ್ಜಿ. ನಿಂಗೆ ಬೇಕಾಗಿರಾದು ನನ್ನ ಕೈ ತಾನೆ? ಇಲ್ಲೇ ಐತೆ ನೋಡು." ಮಗುವಿನ ಮೊಣಕೈ ಕೆಳಗೆ ತನ್ನ ಅಂಗೈ ಇಟ್ಟಳು.

ಉಷಾಳ ಸೂಜಿ ಒಂದೇ ಸಲಕ್ಕೆ ನರ ಸೇರಿತು. ಸ್ವಲ್ಪ ಹೊತ್ತಿಗೆ ಮಗು ಸಣ್ಣಗೆ ಕುಂಯ್‌ಗುಟ್ಟಿತು.

"ನೋಡಿದ್ಯಾ, ಅನುಸೂಯಮ್ಮ ಮುಟ್ಟಿದ್ಕೇ!"

"ಚುಚ್ಚಿದ್ದು ನಾನಜ್ಜಿ," ಎಂದಳು ಉಷಾ.

"ಚುಚ್ಚಾಕೆ ಜಾಲಿಮುಳ್ಳೂ ಚುಚ್ತೈತೆ, ಹೋಗೇ."

ಡಾಕ್ಟರ್ ಗೋವಿಂದಯ್ಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದರು. ಅನುಸೂಯಳನ್ನು ಒಳಗೆ ಕರೆದು ಅವಳ ಬೆರಳ ಗಿಣ್ಣುಗಳನ್ನು ಒತ್ತಿ ನೋಡಿದರು.

"ಯಾವಾಗಿಂದ?"

"ಎರಡು ವರ್ಷ ಆತು ಸಾರ್."

"ಇನ್ಮೇಲೆ ಸೂಜಿ ಮುಟ್ಟಬ್ಯಾಡ್ರಿ. ಬೆಳಿಗ್ಗೆ ಬಂದು ಚೀಟಿ ಬರೆಯೋ ಕಡೆ ಕುಂತ್ಕಳ್ರಿ."

ಕೆಲಸ ಉಳಿದಿತ್ತು. ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಆದರೆ ಅಳದೆ ಮಲಗಿದ್ದ ಮಗು ಕಣ್ಣ ಮುಂದೆ ಬಂತು.

"ಬೆಳಗಿನ ಹೊತ್ತು ಕೈಯಾಗೆ ಪೆನ್ನೂ ನಿಲ್ಲಲ್ಲ ಸಾರ್."

ಡಾಕ್ಟರು ಗೋಡೆಯ ಮೇಲಿದ್ದ ಪಾಳಿಯ ಪಟ್ಟಿ ನೋಡಿದರು. "ಹಂಗಾದ್ರೆ ಮಧ್ಯಾಹ್ನದ ಮೇಲೆ ಬರ್ರಿ. ಸಂಬಳ ಮಾತ್ರ ಅರ್ಧ..."

ಅವರ ಮನಸ್ಸು ಎಲ್ಲಿ ಬದಲಾಗುತ್ತದೋ ಎಂದು ಹೆದರಿ, ಮಾತು ಮುಗಿಯುವ ಮೊದಲೇ ಅವಳು "ಬರ್ತೀನಿ ಸಾರ್" ಎಂದಳು. ಅರ್ಧ ಸಂಬಳದಲ್ಲಿ ಕೊಂಡ ಮಾತ್ರೆ ತಿಂಗಳ ಕೊನೆಯವರೆಗೆ ಬರುವುದಿಲ್ಲ ಎಂಬುದು, ಮೆಟ್ಟಿಲಿಳಿದು ಬಿಸಿಲಿಗೆ ಬಂದ ಮೇಲೆ ಹೊಳೆಯಿತು.