ಗದ್ದೆಮ್ಮನವರ ಹೆಸರನ್ನು ಉಳಿಸಿದ ವಿರೂಪಾಕ್ಷಪ್ಪನವರು

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿರುವ ನಮ್ಮ ಸಂಸ್ಥೆಯ ಮೂರು ಕಾಲೇಜುಗಳನ್ನು ಒಂದೇ ಲಾಗಿನ್ ವ್ಯವಸ್ಥೆಯಡಿ ತಂದ ಶ್ರೀ ವಿರೂಪಾಕ್ಷಪ್ಪನವರು, ಈ ಸೀಮೆಯಲ್ಲಿ ಮುಕ್ತ ತಂತ್ರಾಂಶದ ಸರ್ವರುಗಳನ್ನು ನೆಚ್ಚಿ ಕೆಲಸ ಮಾಡಿದ ಮೊದಲಿಗರಲ್ಲಿ ಒಬ್ಬರು. ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿ, ಸಿಬ್ಬಂದಿಯೆಲ್ಲರ ಹೆಸರು, ಹುದ್ದೆ, ಅಧಿಕಾರಗಳನ್ನು ಒಂದೇ ಡೈರೆಕ್ಟರಿಯಲ್ಲಿ ಸೇರಿಸಿ, ಯಾವ ಊರಿನಲ್ಲಿ ಕುಳಿತರೂ ಒಂದೇ ಪಾಸ್‌ವರ್ಡ್ ಸಾಕಾಗುವಂತೆ ಅವರು ಮಾಡಿದ್ದು ೨೦೧೬ರಲ್ಲಿ. ಗುರುಗುಂಟಾದಿಂದ ಬಸ್ಸಿನಲ್ಲಿ ಬಂದು ಲಿಂಗಸುಗೂರಿನ ಪರೀಕ್ಷಾ ವಿಭಾಗದಲ್ಲಿ ದುಡಿಯುತ್ತಿದ್ದ ಗದ್ದೆಮ್ಮನವರಿಗೆ, ಊಟದ ಬಿಡುವಿನಲ್ಲಿ ತಾಳ್ಮೆಯಿಂದ ಕಂಪ್ಯೂಟರ್ ಕಲಿಸಿದವರೂ ಅವರೇ.

ಮೂರು ತಿಂಗಳು ಕಳೆದಿರಲಿಲ್ಲ, ಮಸ್ಕಿಯ ಆರು ವಿದ್ಯಾರ್ಥಿಗಳ ಆಂತರಿಕ ಅಂಕಗಳು ಬದಲಾಗಿದ್ದವು. ಬದಲಿಸಿದವರ ಹೆಸರಿನ ಜಾಗದಲ್ಲಿ ಗದ್ದೆಮ್ಮನವರ ಹೆಸರಿತ್ತು. ತುಂಬಿದ ಸಭೆಯಲ್ಲಿ ಕಾರ್ಯದರ್ಶಿ ಅಮರಗುಂಡಪ್ಪನವರು ಅಮಾನತಿನ ಆದೇಶವನ್ನು ಮುಂದಿಟ್ಟರು.

“ನಾ ಮಾಡಿಲ್ರೀ ಸರ,” ಎಂಬುದಷ್ಟೇ ಗದ್ದೆಮ್ಮನವರ ಬಾಯಿಂದ ಹೊರಟಿತು.

ವಿರೂಪಾಕ್ಷಪ್ಪನವರು ಎದ್ದು ನಿಂತರು. ಸರ್ವರಿನ ದಾಖಲೆಯ ಹಾಳೆ ಅವರ ಕೈಯಲ್ಲಿತ್ತು. “ಆ ಹೊತ್ತಿಗೆ ಈಕಿ ಲಿಂಗಸುಗೂರಿನ್ಯಾಗ ಕೆಲಸ ಮಾಡಾಕತ್ತಿದ್ಲು. ಅಂಕ ತಿದ್ದಿದ್ದು ಮಸ್ಕಿ ಆಫೀಸಿನ ಕಂಪ್ಯೂಟರಿನ್ಯಾಗ. ಎರಡು ನಿಮಿಷ ಮೊದಲ ಅದರಾಗ ಸೂಪರಿಂಟೆಂಡೆಂಟ್ ಆದಪ್ಪ ತನ್ನ ಹೆಸರಿಲೆ ಒಳಗ ಬಂದಾನ.”

ಆದಪ್ಪ ವಿರೂಪಾಕ್ಷಪ್ಪನವರ ಸ್ವಂತ ತಂಗಿಯ ಗಂಡ, ಎದುರಿಗೇ ಕುಳಿತಿದ್ದ.

“ನಿಮ್ಮ ಮಾತು ನೀವ ವಿಚಾರ ಮಾಡೀರೇನ್ರೀ?” ಎಂದರು ಅಮರಗುಂಡಪ್ಪನವರು.

“ಮಾಡೀನ್ರೀ. ಇನ್ನೊಂದು ಮಾತು ಐತಿ. ಮೊದಲ ದಿನ ಎಲ್ಲರಿಗೂ ಅವರವರ ನೌಕರಿ ನಂಬರನ್ನ ಪಾಸ್‌ವರ್ಡ್ ಮಾಡಿ ಕೊಟ್ಟವ ನಾನ. ಬದಲಿಸಲೇಬೇಕು ಅಂತ ಕಡ್ಡಾಯ ಮಾಡಲಿಲ್ಲ. ಅವ ಈಕಿ ನಂಬರ್ ನೋಡಿ ಒಳಗ ಹೋಗ್ಯಾನ. ಬಾಗಿಲಾ ತೆರೆದಿಟ್ಟ ತಪ್ಪು ನಂದು. ನನಗೂ ನೋಟಿಸ್ ಕೊಡ್ರಿ.”

ಆದಪ್ಪ ತಲೆ ತಗ್ಗಿಸಿದ. ಗದ್ದೆಮ್ಮನವರಿಗೆ ಅಳುವೂ ಬರಲಿಲ್ಲ. ತಾವು ಕೇಳಿದ್ದು ನಿಜವೇ ಎಂದು ಬೆಪ್ಪಾಗಿ ನಿಂತಿದ್ದರು.

ಆದಪ್ಪನ ಕೆಲಸ ಹೋಯಿತು. ಅಂಕಗಳು ಮೊದಲಿನಂತಾದವು. ವಿರೂಪಾಕ್ಷಪ್ಪನವರ ಸೇವಾಪುಸ್ತಕದಲ್ಲಿ ವಾಗ್ದಂಡನೆಯೊಂದು ದಾಖಲಾಯಿತು. ತಂಗಿ ನಾಲ್ಕು ವರ್ಷ ಅವರ ಹೊಸ್ತಿಲು ತುಳಿಯಲಿಲ್ಲ. ಸಭೆಯ ಮರುವಾರವೇ ಅವರು ಮೂರೂ ಊರು ತಿರುಗಿ, ಪ್ರತಿಯೊಬ್ಬರೂ ಹೊಸ ಪಾಸ್‌ವರ್ಡ್ ಒತ್ತುವಾಗ ತಾವು ಗೋಡೆಯ ಕಡೆ ಮುಖ ಮಾಡಿ ನಿಂತರು.

ಇಂದು ಆ ಸರ್ವರಿನ ಉಸ್ತುವಾರಿ ಗದ್ದೆಮ್ಮನವರದು. ತಮ್ಮ ನಿವೃತ್ತಿಯ ದಿನ ಹಾರ, ಶಾಲು ಮುಗಿಸಿ ಅವರ ಕೋಣೆಗೆ ಬಂದ ವಿರೂಪಾಕ್ಷಪ್ಪನವರು, “ನನ್ನ ಲಾಗಿನ್ ಬಂದ್ ಮಾಡವಾ,” ಎಂದರು.

“ಇವತ್ತ ಬ್ಯಾಡ್ರೀ ಸರ, ನಾಳೆ ಮಾಡ್ತೀನಿ.”

“ನಾಳೆ ನಾ ಇಲ್ಲಿ ಯಾರೂ ಅಲ್ಲ. ಈಗ ಮಾಡು.”

ಗದ್ದೆಮ್ಮನವರು ಮಾಡಿದರು. ಹಿರಿಯರು ಈ ಸಲವೂ ಗೋಡೆಯ ಕಡೆಗೇ ತಿರುಗಿದ್ದರು. ಕಣ್ಣೊರೆಸಿಕೊಂಡರೋ ಏನೋ, ಗದ್ದೆಮ್ಮನವರು ನೋಡಲಿಲ್ಲ.

ಹಟ್ಟಿ ಊರಿನ ಗ್ರಂಥಾಲಯವೊಂದು ಇದೇ ಕೆಲಸಕ್ಕೆ ಆಗಲೇ ವಿರೂಪಾಕ್ಷಪ್ಪನವರನ್ನು ಕರೆದಿದೆಯಂತೆ. ಆ ಕೈಗಳಿಗೆ ದಣಿವು ಬಾರದಿರಲಿ, ಬಾಳು ನೂರು ತುಂಬಲಿ.