ಪಪುವಾ ಎನಿಸಿಕೊಂಡ ಅಜ್ಜಿ

ಆ ಕೇಸಿನಲ್ಲಿ ನನಗೆ ಬಿದ್ದ ಖರ್ಚು ಎಪ್ಪತ್ತೊಂಬತ್ತು ಡಾಲರ್, ಅಂದರೆ ಒಂದು ಟೆಸ್ಟ್ ಕಿಟ್ಟಿನ ಬೆಲೆ. ಕಂಪನಿ ಕೊಡಲಿಲ್ಲ, ನನ್ನ ಜೇಬಿನಿಂದಲೇ ಹೋಯಿತು. ಚೌಕಾಸಿ ಮಾಡಿಯೇ ಮೇಲೆ ಬಂದ ನಾನು ತುಟಿ ಪಿಟಕ್ಕೆನ್ನದೆ ಕೊಟ್ಟೆ. ಕಾರಣ ಹೇಳುತ್ತೇನೆ.

2022ರಲ್ಲಿ ನಾನು ಮಿಲ್ಪಿಟಾಸ್‌ನ ಒಂದು ಸಣ್ಣ ಡಿಎನ್‌ಎ ಲ್ಯಾಬಿನಲ್ಲಿ ಗ್ರಾಹಕರ ದೂರು ನೋಡಿಕೊಳ್ಳುವ ಮ್ಯಾನೇಜರ್. ಜನ ಟ್ಯೂಬಿನಲ್ಲಿ ಎಂಜಲು ತುಂಬಿ ಕಳಿಸುತ್ತಿದ್ದರು. ಅವರ ಪೂರ್ವಿಕರು ಯಾವ ಸೀಮೆಯವರೆಂದು ನಾವು ವರದಿ ಕೊಡುತ್ತಿದ್ದೆವು. ದುಡ್ಡು ವಾಪಸು ಕೇಳಿ ಬಂದವರನ್ನು ಹೇಗಾದರೂ ಒಪ್ಪಿಸಿ ಕಳಿಸುವುದು ನನ್ನ ಕೆಲಸ.

ಮಾರ್ಚಿನಲ್ಲಿ ರೊಡೆಲ್ ಎಂಬ ಫಿಲಿಪಿನೊ ಗ್ರಾಹಕರು ಸ್ಯಾನ್ ಹೊಸೆಯಿಂದ ನೇರವಾಗಿ ಆಫೀಸಿಗೇ ಬಂದರು. ತಾಯಿ ಲೂರ್ದೆಸ್ ಅವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ವರದಿಯನ್ನು ಫ್ರೇಮು ಹಾಕಿಸಿ ಕೊಡಬೇಕೆಂದಿದ್ದರು. ಮನೆತನದಲ್ಲಿ ಸ್ಪ್ಯಾನಿಷ್ ಮುತ್ತಾತನೊಬ್ಬನಿದ್ದನೆಂದು ಕೇಳಿ ಬೆಳೆದವರು. ತಾಯಿಯ ವರದಿಯಲ್ಲಿ ಸ್ಪೇನ್ ಸೊನ್ನೆ. ಅದರ ಬದಲು "ಪಪುವಾ, ಶೇಕಡಾ ಹದಿಮೂರು".

"ನಮ್ಮ ಸರ್‌ನೇಮೇ ಸ್ಪ್ಯಾನಿಷು. ಈ ಪಪುವಾ ಯಾರ್ರೀ? ಟ್ಯೂಬು ಅದಲುಬದಲಾಗಿದೆ!"

ನಾನು ವರದಿಯನ್ನು ನಮ್ಮ ವಿಜ್ಞಾನಿ ವೀಣಾ ಅವರ ಹತ್ತಿರ ಒಯ್ದೆ. ಹುಬ್ಬಳ್ಳಿಯವರು, ಮಾತು ಖಡಕ್ಕು.

"ಏನೂ ಅದಲುಬದಲಾಗಿಲ್ರೀ ಸರ. ಸ್ಪೇನಿನವರು ಆಳೋವಾಗ ಪಟ್ಟಿ ಹಿಡಕೊಂಡು ಮನೆಹೆಸರು ಹಂಚ್ಯಾರ. ಹೆಸರು ಬಂತಂದ್ರ ರಕ್ತ ಬಂತು ಅಂತಲ್ಲ."

"ಪಪುವಾ ಎಲ್ಲಿಂದ ಬಂತು?"

"ಅದು ನಮ್ಮ ಕೊರತೆ."

ಅವರು ಬಿಡಿಸಿ ಹೇಳಿದ್ದು ಇಷ್ಟು. ಫಿಲಿಪೀನ್ಸ್‌ನ ಬಹುಪಾಲು ಜನರ ಮುಖ್ಯ ಪೂರ್ವಿಕರು ಕೆಲವು ಸಾವಿರ ವರ್ಷಗಳ ಹಿಂದೆ ತೈವಾನ್ ಕಡೆಯಿಂದ ದೋಣಿಗಳಲ್ಲಿ ಬಂದವರು. ಅವರಿಗಿಂತ ಹತ್ತಾರು ಸಾವಿರ ವರ್ಷ ಮೊದಲೇ ಆ ದ್ವೀಪಗಳಲ್ಲಿ ನೆಲೆಸಿದ್ದವರ ಸಂತತಿ ಅಯ್ಟಾ ಮೊದಲಾದ ಗುಂಪುಗಳು. ಅವರಿಗೂ ಆಗ್ನೇಯಕ್ಕೆ ದೂರದ ದ್ವೀಪದಲ್ಲಿರುವ ಪಪುವಾದವರಿಗೂ ಬಹಳ ಹಳೆಯ ನಂಟು. ನಾವು ಗ್ರಾಹಕರ ಡಿಎನ್‌ಎಯನ್ನು ಹೋಲಿಸಿ ನೋಡುವ ಮಾದರಿಗಳ ಸಂಗ್ರಹಕ್ಕೆ ರೆಫರೆನ್ಸ್ ಪ್ಯಾನೆಲ್ ಎನ್ನುತ್ತಾರೆ. ನಮ್ಮದರಲ್ಲಿ ಅಯ್ಟಾ ಮಾದರಿ ಒಂದೂ ಇರಲಿಲ್ಲ. ಹತ್ತಿರದ್ದು ಸಿಗದೆ ಕಂಪ್ಯೂಟರು ದೂರದ ನೆಂಟರ ಹೆಸರು ಹಾಕಿತ್ತು.

ರೊಡೆಲ್‌ಗೆ ಇದನ್ನೇ ಹೇಳಿದೆ. ಅವರು, "ಹಾಗಾದ್ರೆ ಆ ಲೈನು ತೆಗೆದುಬಿಡಿ. ರೀಫಂಡು ಬೇಡ," ಎಂದರು.

ಸುಲಭದ ವ್ಯಾಪಾರ. ಚಿಕ್ಕ ಪಾಲುಗಳನ್ನೆಲ್ಲ "ಇತರೆ" ಎಂದು ಒಟ್ಟುಗೂಡಿಸುವ ಸೌಲಭ್ಯ ಸಾಫ್ಟ್‌ವೇರಿನಲ್ಲೇ ಇತ್ತು. ಕೈ ಕುಲುಕಿದೆ.

"ಮಂದಿ ಪೂರ್ವಿಕರನ್ನೂ ಡಿಸ್ಕೌಂಟಿಗೆ ಹಾಕಿದ್ರೇನ್ರೀ?" ಎಂದರು ವೀಣಾ. ನಾನು ನಕ್ಕುಬಿಟ್ಟೆ.

ಶನಿವಾರ ಪ್ರಿಂಟು ಒಯ್ಯಲು ರೊಡೆಲ್ ತಾಯಿಯನ್ನೂ ಕರೆತಂದರು. ಕುರ್ಚಿಯಲ್ಲಿ ಕೂರಿಸಿ, ಅವರ ಕೈಯನ್ನು ತಮ್ಮ ಹಣೆಗೆ ಒತ್ತಿಕೊಂಡು ಕಾಗದ ಕೊಟ್ಟರು. ಹಿರಿಯರಿಗೆ ಅವರು ನಮಸ್ಕರಿಸುವ ರೀತಿ ಅದು. ಲೂರ್ದೆಸ್ ಕನ್ನಡಕ ಹಾಕಿಕೊಂಡು ಪ್ರತಿ ಸಾಲಿನ ಮೇಲೂ ಬೆರಳಾಡಿಸಿದರು.

"ಮೊನ್ನೆ ಫೋನಲ್ಲಿ ನೋಡಿದಾಗ ಇನ್ನೊಂದು ಸಾಲಿತ್ತಲ್ಲ, ಎಲ್ಲಿ?"

"ಅದು ಚಿಕ್ಕದಮ್ಮಾ. ಖಚಿತವೂ ಅಲ್ಲ," ಎಂದೆ.

ಅವರು ಪರ್ಸಿನಿಂದ ಅಂಚು ಸವೆದ ಫೋಟೊ ತೆಗೆದು ಮೇಜಿನ ಮೇಲಿಟ್ಟರು. ಗುಂಗುರು ಕೂದಲಿನ, ಕಪ್ಪು ಬಣ್ಣದ, ಗಿಡ್ಡ ಹೆಂಗಸು.

"ನನ್ನ ಲೋಲಾ, ಅಂದ್ರೆ ಅಜ್ಜಿ, ನಮ್ಮಪ್ಪನ ತಾಯಿ. ಸಂಬಾಲೆಸ್ ಬೆಟ್ಟದ ಅಯ್ಟಾ. ನೆಂಟರು ಬಂದರೆ ಅಪ್ಪ ಈ ಫೋಟೊನ ಪೆಟ್ಟಿಗೆಗೆ ಹಾಕ್ತಿದ್ದ. ಇಲ್ಲದ ಸ್ಪ್ಯಾನಿಷ್ ಮುತ್ತಾತನನ್ನು ಹುಟ್ಟಿಸಿದ್ದೂ ಅವನೇ. ಹೆಸರು ತಪ್ಪಿದ್ರೂ ನಿಮ್ಮ ಕಾಗದ ಅವಳನ್ನ ಕಂಡುಹಿಡಿದಿತ್ತು. ಅಲ್ಲಿಂದಲೂ ತೆಗೆದ್ರಾ?"

ರೊಡೆಲ್ ಫೋಟೊದತ್ತ ಬಗ್ಗಿದರು. "ನೀವು ಯಾವತ್ತೂ ಹೇಳಲೇ ಇಲ್ಲವಲ್ಲಮ್ಮಾ."

"ನೀನು ಟ್ಯೂಬು ಹಿಡಿದು ಉಗುಳು ಅಂದೆ. ಏನಾದ್ರೂ ಕೇಳಿದ್ಯಾ?"

ವೀಣಾ ಮೊದಲಿನ ವರದಿಯನ್ನೇ ಮತ್ತೆ ಪ್ರಿಂಟು ಹಾಕಿದರು. ಹದಿಮೂರರ ಸಾಲಿನ ಕೆಳಗೆ, "ನಮ್ಮಲ್ಲಿ ಅಯ್ಟಾ ಮಾದರಿ ಇಲ್ಲ, ಅಜ್ಜಿ ಅಯ್ಟಾ ಎಂಬುದು ಕುಟುಂಬದ ಮಾತು" ಎಂದು ಬರೆದು ಸಹಿ ಮಾಡಿದರು. ನಾನು ಜೇಬಿನಿಂದ ಕಿಟ್ಟಿನ ದುಡ್ಡು ಎಣಿಸಿ ರೊಡೆಲ್‌ಗೆ ಕೊಟ್ಟೆ. ರೊಡೆಲ್ ಅದನ್ನು ತಾಯಿಯ ಕೈಗಿಟ್ಟು, ಫೋಟೊವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. "ಎರಡು ಫ್ರೇಮು ಬೇಕು," ಎಂದರು.

ಚೌಕಾಸಿಗೆ ಕೂರುವ ಮೊದಲು, ಕೈ ಬಿಡುತ್ತಿರುವುದು ಯಾರಿಗೆ ಸೇರಿದ್ದೆಂದು ವಿಚಾರಿಸಬೇಕು. ನನ್ನ ವೃತ್ತಿ ಕಲಿಸಿದ್ದು ಇದು. ನೀವೂ ಅಪ್ಪ ಅಮ್ಮನಿಗೆ ಇಂಥ ಕಿಟ್ಟು ತರುವುದಾದರೆ ಸೇಲ್ ಬರುವವರೆಗೆ ಕಾಯಿರಿ, ಹಬ್ಬದ ಹೊತ್ತಿಗೆ ಬೆಲೆ ಇಳಿಯುತ್ತದೆ. ನಿಮ್ಮ ಕಡೆಯ ಜನರ ಮಾದರಿ ಅವರಲ್ಲಿದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. ಕಿಟ್ಟು ಮನೆಗೆ ಬಂದ ಕೂಡಲೇ ಡಬ್ಬ ಒಡೆಯಬೇಡಿ. ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ಕುಳಿತು, ಎತ್ತಿಟ್ಟ ಫೋಟೊ ಯಾವುದಾದರೂ ಇದೆಯೇ ಎಂದು ಕೇಳಿ. ಅದಕ್ಕೆ ದುಡ್ಡು ಬೇಕಾಗಿಲ್ಲ.