ಹತ್ತು ಚಕ್ರದ ರೋಸಮ್ಮ

ನನಗೆ ಒಬ್ಬಳು ಸವತಿ ಇದ್ದಾಳೆ ಎಂದರೆ ನಮ್ಮ ಮನೆಯವರನ್ನು ಬಲ್ಲವರು ನಂಬುವುದಿಲ್ಲ. ಬೀಡಿ ಮುಟ್ಟದ, ದನಿ ಎತ್ತರಿಸದ ಮನುಷ್ಯ ಅವರು. ಆದರೂ ಸವತಿ ಇರುವುದು ನಿಜ. ನಮ್ಮ ಅಂಗಳದಲ್ಲೇ, ಅಡುಗೆಮನೆಯ ಕಿಟಕಿಗೆ ಅಡ್ಡವಾಗಿ ನಿಂತಿದ್ದಾಳೆ. ಪುರಾಣಗಳಲ್ಲಿ ಸವತಿಯರಿಗೇನೂ ಬರವಿಲ್ಲ. ಆದರೆ ಅವರಲ್ಲಿ ಯಾರಿಗಾದರೂ ಹತ್ತು ಚಕ್ರ ಇದ್ದದ್ದನ್ನು ನಾನು ಕೇಳಿಲ್ಲ.

ದೊಡ್ಡ ದೊಡ್ಡ ಮರದ ದಿಮ್ಮಿ ಹೊರುವ ಲಾರಿ ಅದು. ಎಂಜಿನನ್ನು ಮೂಗಿನಂತೆ ಮುಂದೆ ಚಾಚಿಕೊಂಡ ಹಳೇ ಕಾಲದ ಜಾತಿ. ನಮ್ಮ ಮದುವೆಯಾದ ವರ್ಷವೇ ಮನೆಯವರು ಅದನ್ನು ನೆಲ್ಯಾಡಿ ಕಡೆಯ ರಬ್ಬರ್ ಕೃಷಿಕ ಚಾಕೋ ಅವರಿಂದ ಕೊಂಡರು. ಚಾಕೋ ತಮ್ಮ ಪುಟ್ಟ ಮಗಳ ಹೆಸರನ್ನು ಅದರ ಹಣೆಯ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದರು: ರೋಸಮ್ಮ. ನನ್ನ ಹೆಸರು ವಾರಿಜಾ. ಅಳಿಸಿ ಬರೆಸಬಹುದಲ್ಲ ಎಂದು ಹೊಸ ಮದುಮಗಳ ಸಲಿಗೆಯಲ್ಲಿ ಕೇಳಿದೆ. "ಗಾಡಿಯ ಹೆಸರು ಬದಲು ಮಾಡ್ಲಿಕ್ಕೆ ಆಗ್ತದಾ? ಒಳ್ಳೆದಾಗ್ಲಿಕ್ಕಿಲ್ಲ" ಎಂದರು.

ನಮ್ಮ ಕಡೆ ಗಾಡಿ ಇಟ್ಟುಕೊಂಡವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಾಲದು, ಗಾಡಿಯ ಹೆಸರೂ ಅಂಟಿಕೊಳ್ಳುತ್ತದೆ. ಮನೆಯವರು 'ರೋಸಮ್ಮ ಲೋಕಯ್ಯಣ್ಣ' ಆದರು. ಅಲ್ಲಿಗೆ ನಿಲ್ಲಲಿಲ್ಲ. ಲಾರಿಗೆ ಹೆಂಡತಿಯ ಹೆಸರೇ ಇಟ್ಟಿರಬೇಕೆಂದು ಊರು ತೀರ್ಮಾನಿಸಿತು. ಬೆಟ್ಟಂಪಾಡಿಯಿಂದ ಬಂದ ಮದುವೆ ಕಾಗದದ ಮೇಲೆ 'ಶ್ರೀಮತಿ ರೋಸಮ್ಮ ಮತ್ತು ಶ್ರೀ ಲೋಕಯ್ಯ' ಎಂದಿತ್ತು. ಕಡಬ ಪೇಟೆಯಲ್ಲಿ ಜೀನಸು ಅಂಗಡಿಯ ಅಬ್ಬು ಬ್ಯಾರಿ "ರೋಸಮ್ಮಕ್ಕ, ಎಂತ ಬೇಕಿತ್ತು?" ಎಂದಾಗ, ನನ್ನ ಹೆಸರು ವಾರಿಜಾ ಎಂದು ಗಟ್ಟಿಯಾಗಿಯೇ ತಿದ್ದಿದೆ. "ಆಯ್ತು ವಾರಿಜಕ್ಕ" ಎಂದ ಅಬ್ಬು ಅದೇ ಉಸಿರಿನಲ್ಲಿ, "ಅಲ್ಲ, ರೋಸಮ್ಮ ಈಗ ಎಲ್ಲಿ, ಘಾಟಿಯಲ್ಲಾ?" ಎಂದು ವಿಚಾರಿಸಿದ.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚು, ಮುಚ್ಚಿಡುವುದೇಕೆ? ನನಗೆ ಕೆಮ್ಮು ಬಂದು ವಾರವಾದರೆ "ಒಂಚೂರು ಕಷಾಯ ಕುಡಿ" ಎನ್ನುವವರು, ಅವಳು ಒಮ್ಮೆ ಕೆಮ್ಮಿದರೆ ಪುತ್ತೂರಿನಿಂದ ಮೆಕ್ಯಾನಿಕ್ ಕರೆಸುತ್ತಿದ್ದರು. ಸುಬ್ರಹ್ಮಣ್ಯದ ಹತ್ತಿರದ ಒಂದು ದೇವಸ್ಥಾನದ ಕೊಡಿಮರಕ್ಕೆಂದು, ಅಂದರೆ ಧ್ವಜಸ್ತಂಭಕ್ಕೆಂದು, ಭಾರೀ ಉದ್ದದ ಮರ ತರಬೇಕಾದಾಗ ಬೇರೆ ಲಾರಿಯವರೆಲ್ಲ ದಾರಿಯ ತಿರುವು ನೋಡಿ ಕೈಚೆಲ್ಲಿದರು. ರೋಸಮ್ಮ ಹೋದಳು, ತಂದಳು. ಚೆಂಡೆ ವಾದ್ಯ, ಮೂಗಿನ ತುಂಬ ಮಲ್ಲಿಗೆ. ಆರತಿ ಮರಕ್ಕೆ ಎಂದು ಎಲ್ಲರೂ ಹೇಳಿದರೂ ಬೆಳಗಿದ್ದು ಅವಳ ಮುಖಕ್ಕೇ. ಬೆಳಗುವವರ ಸಾಲಿನಲ್ಲಿ ನಾನೂ ಇದ್ದೆ.

ಆಮೇಲೆ ಕಂಪನಿಯವರು ಆ ನಮೂನೆಯ ಲಾರಿ ಮಾಡುವುದನ್ನೇ ನಿಲ್ಲಿಸಿದರು. ಅವಳ ಓರಗೆಯವರೆಲ್ಲ ಒಬ್ಬೊಬ್ಬರಾಗಿ ಗುಜರಿ ಸೇರಿದರು. ಇನ್ನು ಇವಳ ಸರದಿ ಎಂದು ನಾನು ಒಳಗೊಳಗೇ ಹಿಗ್ಗಿದೆ. ಆದದ್ದು ತಿರುಗುಮುರುಗು. ಊರಿಗೊಬ್ಬಳೇ ಪದ್ಮಾವತಿ ಆಗಿಬಿಟ್ಟಳು. ಸುಳ್ಯದಿಂದ ಬೈಕಿನಲ್ಲಿ ಬಂದು ಫೋಟೋ ತೆಗೆಸಿಕೊಳ್ಳುವವರೇನು, ಕಣ್ಣು ಮುಚ್ಚಿ ಹಾರ್ನ್ ಕೇಳುವವರೇನು. ಮಾಡುವುದು ನಿಂತ ಮೇಲೆ ಕಬ್ಬಿಣಕ್ಕೂ ಇಷ್ಟು ಬೆಲೆ. ನನ್ನಂಥವರನ್ನು ಮಾಡುವುದನ್ನೂ ದೇವರು ಎಂದೋ ನಿಲ್ಲಿಸಿದ್ದಾನೆ. ಅದನ್ನು ಯಾರೂ ಗಮನಿಸಿದಂತಿಲ್ಲ.

ದುಡಿಮೆಗೆ ಹೊಸ ಲಾರಿ ಬಂತು. ಹಟ ಹಿಡಿದು ಅದಕ್ಕೆ 'ವಾರಿಜಾ' ಎಂದು ಬರೆಸಿದೆ. ಮರುದಿನ ಅಬ್ಬು ಹೇಳಿದ, "ರೋಸಮ್ಮಕ್ಕನ ಹೊಸ ಗಾಡಿ ಲಾಯ್ಕ ಉಂಟು." ರೋಸಮ್ಮ ಮಾತ್ರ ಕಿಟಕಿಗೆ ಅಡ್ಡ ನಿಂತು ನಿವೃತ್ತಿಯ ಸುಖ ಅನುಭವಿಸತೊಡಗಿದಳು. ಹಗಲಲ್ಲೂ ನಾನು ದೀಪ ಹಾಕಿಕೊಂಡೇ ಸಾಸಿವೆ ಹುಡುಕಬೇಕು.

ಮೊನ್ನೆ ಒಂದು ಕಾರು ಬಂತು. ಇಳಿದ ಹೆಂಗಸು ನೇರವಾಗಿ ಲಾರಿಯ ಬಳಿ ಹೋಗಿ ಅದರ ಮೂಗಿನ ಮೇಲೆ ಕೈಯಿಟ್ಟು ನಿಂತಳು. ಕಣ್ಣು ಒದ್ದೆಯಾಗಿತ್ತು. "ನಾನು ಚಾಕೋ ಅವರ ಮಗಳು, ರೋಸಮ್ಮ" ಎಂದಳು. "ಅಪ್ಪ ಹೋದ್ರು ಅಕ್ಕ. ಈ ಗಾಡಿ ನಮಗೆ ವಾಪಸ್ ಕೊಡ್ತೀರಾ? ಮನೆ ಎದುರು ಇಡ್ತೇವೆ. ನನ್ನ ಹೆಸರಿನದ್ದಲ್ವಾ."

ಮನೆಯವರು ಬಗ್ಗಿ ಟಯರಿನ ಸಂದಿನ ಮಣ್ಣು ಕೆರೆದರು. ಕೊನೆಗೆ, "ಇವಳ ಹತ್ರ ಕೇಳಿ. ಇವಳು ಕೊಡುವ ಅಂದ್ರೆ ಕೊಡುವ" ಎಂದರು. ರೋಸಮ್ಮನ ವಿಚಾರದಲ್ಲಿ ಅವರು ನನ್ನ ಮಾತಿಗೆ ಬಿಟ್ಟದ್ದು ಅದೇ ಮೊದಲು. ಇಷ್ಟು ವರ್ಷ ಕಾದ ಗಳಿಗೆ. ಇವತ್ತೇ ಕೊಂಡುಹೋಗಿ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಅಬ್ಬು ರಸ್ತೆಯಿಂದಲೇ ಕೂಗಿದ, "ರೋಸಮ್ಮಕ್ಕಾ, ಒಳ್ಳೆ ಕುಚ್ಚಲಕ್ಕಿ ಬಂದುಂಟು."

"ಹಾಂ" ಎಂದೆವು, ಇಬ್ಬರೂ ಒಟ್ಟಿಗೆ.

ಅಬ್ಬು ನೋಡುತ್ತಿದ್ದದ್ದು ನನ್ನನ್ನು.

"ಕೊಡ್ಲಿಕ್ಕೆ ಇಲ್ಲ ಮಾರಾಯ್ರೆ" ಎಂದೆ ಆ ಹೆಂಗಸಿಗೆ. "ನೋಡ್ಬೇಕು ಅಂತ ಆದಾಗ ಬನ್ನಿ."

ಮನೆಯವರು ನನ್ನನ್ನು ಮೊದಲ ಸಲ ಕಂಡವರ ಹಾಗೆ ನೋಡಿದರು. ನಾನು ಚಹಾ ಮಾಡಲು ಒಳಗೆ ಹೋದೆ. ಅಡುಗೆಮನೆ ಎಂದಿನಂತೆ ಕತ್ತಲು, ದೀಪ ಹಾಕಿದೆ. ಕಿಟಕಿಯಾಚೆ ಆ ಹೆಂಗಸು ಇನ್ನೂ ರೋಸಮ್ಮನ ಮೂಗು ಸವರುತ್ತಲೇ ಇದ್ದಳು. ಅಷ್ಟು ಹೊತ್ತು ಸವರಲಿಕ್ಕೆ ಅಲ್ಲಿ ಎಂತ ಉಂಟು ಎಂದು ನನಗೆ ಹೊಟ್ಟೆ ಉರಿಯಿತು.